ಪಿಜಿ ಬರೆದ ಮೊದಲ ಡಯಾಗ್ನೋಸಿಸ್ ಎಲ್ಲಿದೆ ಎಂದು ಕೇಳಿ: ವೈದ್ಯಕೀಯ ಆಯೋಗಕ್ಕೆ ಒಂದು ಬಹಿರಂಗ ಪತ್ರ

ಗೆ,
ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮಂಡಳಿ ಹಾಗೂ ವೈದ್ಯಕೀಯ ಮೌಲ್ಯಮಾಪನ ಮತ್ತು ಶ್ರೇಯಾಂಕ ಮಂಡಳಿ,
ರಾಷ್ಟ್ರೀಯ ವೈದ್ಯಕೀಯ ಆಯೋಗ, ನವದೆಹಲಿ

ಮತ್ತು

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು

ಮಾನ್ಯರೇ,

ನಾನು ಎಂಡಿ ಪ್ಯಾಥಾಲಜಿ ಓದುವಾಗ ನಮ್ಮ ವಿಭಾಗದ ಮೂಲೆಯಲ್ಲಿ ಒಂದು ಕ್ರಯೋಸ್ಟಾಟ್ ಇತ್ತು, ಅಂದರೆ ದೇಹದ ಹಸಿ ತುಂಡನ್ನು ಹೆಪ್ಪುಗಟ್ಟಿಸಿ ತೆಳುವಾಗಿ ಕತ್ತರಿಸುವ ಯಂತ್ರ. ಅದರ ಮೇಲೆ ಯಾವಾಗಲೂ ಒಂದು ನೀಲಿ ಬಟ್ಟೆ ಹೊದಿಸಿರುತ್ತಿದ್ದರು. ಕಾಲೇಜಿನ ಮಾನ್ಯತೆಯ ತಪಾಸಣೆಯ ಹಿಂದಿನ ಸಂಜೆ ಬಟ್ಟೆ ತೆಗೆದು, ಯಂತ್ರ ಒರೆಸಿ, ಸ್ವಿಚ್ ಹಾಕಿದರು. ಬೆಳಿಗ್ಗೆ ಅದು ಮೈನಸ್ 20 ಡಿಗ್ರಿ ತೋರಿಸುತ್ತಿತ್ತು. ಬಂದವರು ನೋಡಿದರು, ಕ್ರಯೋಸ್ಟಾಟ್ ಇದೆ ಎಂದು ಬರೆದುಕೊಂಡರು. ಇದ್ದದ್ದು ನಿಜ. ಮೂರು ವರ್ಷದಲ್ಲಿ ನಾನು ಅದರಲ್ಲಿ ಒಂದೇ ಒಂದು ಸೆಕ್ಷನ್ ಕತ್ತರಿಸಲಿಲ್ಲ ಎನ್ನುವುದೂ ನಿಜ. ಎರಡನೆಯದನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬರೆದುಕೊಳ್ಳಲು ಅವರ ಫಾರ್ಮಿನಲ್ಲಿ ಜಾಗ ಇರಲಿಲ್ಲ.

ಆಗ ನಿಮ್ಮ ಆಯೋಗ ಇನ್ನೂ ಹುಟ್ಟಿರಲಿಲ್ಲ. ಅದು ಕೆಲಸ ಶುರು ಮಾಡಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆ ಕಾಲೇಜಿನ ಹೆಸರೂ ಇಲ್ಲಿ ಬೇಡ. ಅಲ್ಲಿ ನನಗೆ ಕಲಿಸಿದವರಲ್ಲಿ ಒಳ್ಳೆಯವರಿದ್ದರು, ಅವರ ಋಣ ನನ್ನ ಮೇಲಿದೆ. ಹಳೇ ದೂರು ಹೇಳಲು ಬರೆಯುತ್ತಿಲ್ಲ. ಒಂದು ಪ್ಯಾಥಾಲಜಿ ವಿಭಾಗ ತನ್ನ ಪಿಜಿಗಳಿಗೆ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಸರಿಯಾಗಿ ಕಲಿಸುತ್ತಿದೆಯೋ ಇಲ್ಲವೋ ಎಂದು ನೀವು ಅಳೆಯುವಾಗ ಏನನ್ನು ನೋಡಬೇಕು ಎನ್ನುವ ಬಗ್ಗೆ ನನಗೆ ಒಂದು ಮಾತು ಹೇಳಲಿಕ್ಕಿದೆ. ಹದಿನಾಲ್ಕು ವರ್ಷದಿಂದ ಒಂದು ಜಿಲ್ಲಾ ಕೇಂದ್ರದಲ್ಲಿ ಬಯಾಪ್ಸಿ ನೋಡಿ ಜೀವನ ಮಾಡುತ್ತಿರುವವನ ಮಾತು ಇದು.

ಇದನ್ನು ಓದುವವರೆಲ್ಲ ವೈದ್ಯರಾಗಿರುವುದಿಲ್ಲ. ಹಾಗಾಗಿ ಸ್ವಲ್ಪ ವಿವರ. ಸರ್ಜನ್ ಒಂದು ಗಡ್ಡೆ ತೆಗೆಯುತ್ತಾರೆ. ಅದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ನಮ್ಮ ಹತ್ತಿರ ಬರುತ್ತದೆ. ನಾವು ಅದನ್ನು ಕಣ್ಣಿನಿಂದ ನೋಡಿ, ಅಳೆದು, ಅಂಚಿಗೆ ಬಣ್ಣ ಹಚ್ಚಿ, ಕೊಯ್ದು, ಬೇಕಾದ ತುಂಡುಗಳನ್ನು ಆರಿಸುತ್ತೇವೆ. ಇದಕ್ಕೆ ಗ್ರಾಸಿಂಗ್ ಎನ್ನುತ್ತೇವೆ. ಆ ತುಂಡುಗಳು ಮೇಣದ ಬ್ಲಾಕ್ ಆಗುತ್ತವೆ. ಟೆಕ್ನಿಷಿಯನ್ ಅದರಿಂದ 3–4 ಮೈಕ್ರಾನ್ ದಪ್ಪದ ಪದರ ತೆಗೆದು, ಗಾಜಿನ ಮೇಲೆ ಹರಡಿ, ಗುಲಾಬಿ-ನೇರಳೆ ಬಣ್ಣ ಹಾಕುತ್ತಾರೆ. ಆಮೇಲೆ ಮೈಕ್ರೋಸ್ಕೋಪು. ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಜಾತಿಯದು, ಎಷ್ಟು ಆಳಕ್ಕೆ ಇಳಿದಿದೆ, ಸರ್ಜನ್ ಕೊಯ್ದ ಅಂಚಿನಲ್ಲಿ ಇನ್ನೂ ಉಳಿದಿದೆಯಾ ಎಂದು ಹೇಳುವ ಕೆಲಸ ನಮ್ಮದು. ಇದೇ ಸರ್ಜಿಕಲ್ ಪ್ಯಾಥಾಲಜಿ. ರೋಗಿ ನಮ್ಮ ಮುಖ ನೋಡುವುದೇ ಇಲ್ಲ. ಆದರೆ ಅವರ ಎದೆ ತೆಗೆಯಬೇಕಾ, ದವಡೆ ತೆಗೆಯಬೇಕಾ, ಕೀಮೋ ಕೊಡಬೇಕಾ ಎನ್ನುವುದು ನಮ್ಮ ಒಂದು ಹಾಳೆಯ ಮೇಲೆ ನಿಂತಿರುತ್ತದೆ.

ಈಗ ಕ್ರಯೋಸ್ಟಾಟ್ ಕಥೆಗೆ ಮರಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ಆಪರೇಷನ್ ಥಿಯೇಟರಿನಿಂದ ಫೋನ್ ಬಂತು. ನಾಲಿಗೆಯ ಕ್ಯಾನ್ಸರ್, ಅಂಚು ಕಳಿಸುತ್ತಿದ್ದೇವೆ, ಫ್ರೋಜನ್ ಬೇಕು ಅಂದರು. ರೋಗಿ ಅರಿವಳಿಕೆಯಲ್ಲಿ ಮಲಗಿದ್ದಾರೆ. ಹಸಿ ತುಂಡನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಬಣ್ಣ ಹಾಕಿ, ನೋಡಿ, ಫೋನಿನಲ್ಲಿ ಉತ್ತರ ಹೇಳಬೇಕು. 20 ನಿಮಿಷದಲ್ಲಿ. ನಾನು ಅಲ್ಲಿಯವರೆಗೆ ಒಂದೂ ಫ್ರೋಜನ್ ಸ್ಲೈಡಿಗೆ ಉತ್ತರ ಹೇಳಿದವನಲ್ಲ. ಹೆಪ್ಪುಗಟ್ಟಿದ ಸೆಕ್ಷನ್‌ನಲ್ಲಿ ಜೀವಕೋಶಗಳು ಊದಿಕೊಂಡು ಬೇರೆಯೇ ತರಹ ಕಾಣುತ್ತವೆ ಎಂದು ಓದಿ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಹಿರಿಯರೊಬ್ಬರು ಪಕ್ಕದ ಆಸ್ಪತ್ರೆಯಿಂದ ಓಡಿ ಬಂದು ನೋಡಿಕೊಟ್ಟರು. ಅವರು ಬರದೇ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಈ ವಿದ್ಯೆ ಹೊಸದೇನೂ ಅಲ್ಲ. 1905ರ ಚಳಿಗಾಲದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸರ್ಜನ್ ವಿಲಿಯಂ ಮೇಯೋ ಅವರಿಗೆ ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ಉತ್ತರ ಬೇಕಿತ್ತು. ಲೂಯಿಸ್ ವಿಲ್ಸನ್ ಎಂಬ ಪ್ಯಾಥಾಲಜಿಸ್ಟ್ ತುಂಡನ್ನು ಕಿಟಕಿಯ ಹೊರಗಿನ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಮಿಥಿಲೀನ್ ಬ್ಲೂ ಹಾಕಿ, ದಾರಿ ಮಾಡಿಕೊಟ್ಟರು. ಅವರ ಹತ್ತಿರ ಕ್ರಯೋಸ್ಟಾಟ್ ಇರಲಿಲ್ಲ, ಆದರೂ ಕೆಲಸ ನಡೆಯಿತು. ನಮ್ಮ ಹತ್ತಿರ ಯಂತ್ರ ಇತ್ತು.

ಆದರೆ ಫ್ರೋಜನ್ ಗೊತ್ತಿಲ್ಲದ್ದು ನನ್ನ ದೊಡ್ಡ ಕೊರತೆಯಾಗಿರಲಿಲ್ಲ. ದೊಡ್ಡ ಕೊರತೆ ಬೇರೆ ಇತ್ತು. ಅದು ನನಗೆ ಗೊತ್ತಾಗಿದ್ದು ಮುಂದೆ ಒಂದು ವರ್ಷದ ಸರ್ಜಿಕಲ್ ಪ್ಯಾಥಾಲಜಿ ಫೆಲೋಶಿಪ್‌ಗೆ ಸೇರಿದ ಮೇಲೆ.

ಎಂಡಿ ಮಾಡುವಾಗ ನಾವು ಪಿಜಿಗಳು ಗ್ರಾಸಿಂಗ್ ಮಾಡುತ್ತಿದ್ದೆವು, ತುಂಬಾ ಮಾಡುತ್ತಿದ್ದೆವು. ಮರುದಿನ ಸ್ಲೈಡುಗಳು ಟ್ರೇಯಲ್ಲಿ ಮೇಷ್ಟ್ರ ಕೋಣೆಗೆ ಹೋಗುತ್ತಿದ್ದವು. ಸಂಜೆ ರಿಪೋರ್ಟ್ ಟೈಪ್ ಆಗಿ ಹೊರಗೆ ಬರುತ್ತಿತ್ತು. ನಾವು ರಿಜಿಸ್ಟರ್ ತೆರೆದು ಉತ್ತರ ನೋಡಿಕೊಂಡು, ಆಮೇಲೆ ಸ್ಲೈಡ್ ನೋಡುತ್ತಿದ್ದೆವು. ಉತ್ತರ ಗೊತ್ತಿದ್ದರೆ ಎಲ್ಲವೂ ಸುಲಭವಾಗಿ ಕಾಣುತ್ತದೆ. ಹೌದಲ್ಲಾ, ಇದು ಡಕ್ಟಲ್ ಕಾರ್ಸಿನೋಮಾನೇ ಅಂತ ಅನ್ನಿಸುತ್ತದೆ. ಮೂರು ವರ್ಷ ನಾನು ಹೀಗೇ ಕಲಿತೆ. ಬೇರೆಯವರು ಬಿಡಿಸಿದ ಲೆಕ್ಕ ನೋಡಿ ಗಣಿತ ಕಲಿತ ಹಾಗೆ. ಪರೀಕ್ಷೆಯಲ್ಲಿ ಪಾಸೂ ಆದೆ.

ಫೆಲೋಶಿಪ್‌ನ ಮೊದಲ ದಿನ ಅಲ್ಲಿನ ಹಿರಿಯ ಮೇಡಂ ನನ್ನ ಮುಂದೆ ಒಂದು ಟ್ರೇ ಮತ್ತು ಒಂದು ಪೆನ್ಸಿಲ್ ಇಟ್ಟರು. ಪ್ರತಿ ಕೇಸಿಗೂ ನಿಮ್ಮ ಡಯಾಗ್ನೋಸಿಸ್ ಬರೆಯಿರಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ, ಎರಡು ಗಂಟೆಗೆ ಒಟ್ಟಿಗೆ ಕೂತು ನೋಡೋಣ ಅಂದರು. ಮೊದಲ ವಾರ ಅರ್ಧಕ್ಕರ್ಧ ತಪ್ಪಾದವು. ಪ್ರತಿ ತಪ್ಪಿಗೂ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾಕೆ ಹಾಗೆ ಅನ್ನಿಸ್ತು?"

ಅದರಲ್ಲಿ ಒಂದು ಕೇಸ್ ಹೇಳಲೇಬೇಕು. ಬಾಯಿಯ ಮೇಲ್ಛಾವಣಿಯಲ್ಲಿ ಹುಣ್ಣು. ನಾನು ಸ್ಲೈಡ್ ಇಟ್ಟವನೇ 40 ಎಕ್ಸ್‌ಗೆ, ಅಂದರೆ ತುಂಬಾ ದೊಡ್ಡದಾಗಿ ತೋರಿಸುವ ಲೆನ್ಸಿಗೆ ಹೋದೆ. ಬಾಯಿಯ ಮೇಲ್ಪದರದಲ್ಲಿ ಇರುವಂಥ ಸ್ಕ್ವೇಮಸ್ ಕೋಶಗಳ ಗುಂಪುಗಳು ಆಳದಲ್ಲಿ ಕಂಡವು. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂದು ಧೈರ್ಯವಾಗಿ ಬರೆದೆ. ನಮ್ಮ ಕಡೆ ಎಲೆ-ಅಡಿಕೆ-ತಂಬಾಕು ಜಾಸ್ತಿ, ಬಾಯಿ ಕ್ಯಾನ್ಸರೂ ಜಾಸ್ತಿ. ಅನುಮಾನವೇ ಬರಲಿಲ್ಲ. ಮೇಡಂ ಲೆನ್ಸನ್ನು 4 ಎಕ್ಸ್‌ಗೆ ಇಳಿಸಿದರು. ಈಗ ನೋಡಿ ಅಂದರು. ಆ ಗುಂಪುಗಳು ಅಡ್ಡಾದಿಡ್ಡಿ ನುಗ್ಗಿರಲಿಲ್ಲ. ಜೊಲ್ಲು ಗ್ರಂಥಿಯ ಹಳೆಯ ಮನೆಯ ನಕ್ಷೆ ಹಾಗೆಯೇ ಇತ್ತು. ಗೋಡೆ ಮಾತ್ರ ಬದಲಾಗಿತ್ತು. ಅದು ನೆಕ್ರೋಟೈಸಿಂಗ್ ಸಯಾಲೋಮೆಟಾಪ್ಲಾಸಿಯಾ. ಕೆಲವು ವಾರದಲ್ಲಿ ತನ್ನಷ್ಟಕ್ಕೆ ವಾಸಿಯಾಗುವ ಕಾಯಿಲೆ. ನನ್ನ ಉತ್ತರ ಹೊರಗೆ ಹೋಗಿದ್ದರೆ ಆ ರೋಗಿಯ ಅಂಗುಳದ ಮೂಳೆಯನ್ನೇ ತೆಗೆದುಬಿಡುತ್ತಿದ್ದರು.

ಆ ತಪ್ಪು ಪೆನ್ಸಿಲಿನಲ್ಲಿ ಆಯಿತು. ಪೆನ್ಸಿಲಿನಲ್ಲೇ ಉಳಿಯಿತು. ಅವತ್ತಿನಿಂದ ಕಡಿಮೆ ಪವರ್‌ನಲ್ಲಿ ಪೂರ್ತಿ ನೋಡದೆ ನಾನು ಮೇಲಕ್ಕೆ ಹೋಗುವುದಿಲ್ಲ. ಎಂಡಿಯಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ ಎಂದಲ್ಲ. ಎಷ್ಟೋ ಸಲ ಹೇಳಿದ್ದರು. ನಾನು ತಪ್ಪು ಮಾಡಿ ಅದನ್ನು ಕಲಿಯುವ ಏರ್ಪಾಡು ಅಲ್ಲಿ ಇರಲಿಲ್ಲ, ಅಷ್ಟೇ.

ನನ್ನ ಮಾತು ಇಷ್ಟೇ, ಮಾನ್ಯರೇ. ಪ್ಯಾಥಾಲಜಿಯ ತರಬೇತಿ ಎಂದರೆ ರೋಗಿಗೆ ತೊಂದರೆಯಾಗದ ಹಾಗೆ, ಒಬ್ಬ ಹಿರಿಯರ ಪಕ್ಕದಲ್ಲಿ ಕೂತು, ಸಾವಿರಾರು ಸಲ ತನ್ನದೇ ಉತ್ತರ ಬರೆದು, ಅದರಲ್ಲಿ ನೂರಾರು ಸಲ ತಪ್ಪುವುದು. ಒಂದು ವಿಭಾಗವನ್ನು ಅಳೆಯಬೇಕು ಎಂದರೆ ಆ ಅವಕಾಶ ಅಲ್ಲಿ ಎಷ್ಟಿದೆ ಎಂದು ಅಳೆಯಿರಿ. ಪಿಜಿ ಮೊದಲು ಬರೆದ ಡಯಾಗ್ನೋಸಿಸ್ ಎಲ್ಲಿದೆ, ತೋರಿಸಿ ಎಂದು ಕೇಳಿ. ಅದು ಒಂದು ಹಾಳೆಯಲ್ಲಿ, ಒಂದು ಕಾಲಮ್ಮಿನಲ್ಲಿ, ಕಂಪ್ಯೂಟರಿನಲ್ಲಿ, ಎಲ್ಲಾದರೂ ಇರಬೇಕು. ಇಲ್ಲದಿದ್ದರೆ ಅಲ್ಲಿ ಪಿಜಿ ಸ್ಲೈಡ್ ನೋಡುತ್ತಿದ್ದಾರೆ, ಡಯಾಗ್ನೋಸಿಸ್ ಮಾಡುತ್ತಿಲ್ಲ.

ಗ್ರಾಸಿಂಗ್‌ನಲ್ಲೂ ಇದೇ ಕಥೆ. ಅಲ್ಲಿ ಅಪಾಯ ಇನ್ನೂ ದೊಡ್ಡದು. ಸ್ಲೈಡನ್ನು ನಾಳೆ ಮತ್ತೆ ನೋಡಬಹುದು, ಬೇರೆ ಊರಿಗೆ ಕಳಿಸಿ ಎರಡನೇ ಅಭಿಪ್ರಾಯ ಕೇಳಬಹುದು. ತಪ್ಪಾಗಿ ಕೊಯ್ದ ಅಂಗವನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ನಾಲಿಗೆಯ ಕ್ಯಾನ್ಸರ್ ಎಷ್ಟು ಆಳ ಇಳಿದಿದೆ ಎನ್ನುವುದು ಈಗ ಸ್ಟೇಜ್ ನಿರ್ಧರಿಸುತ್ತದೆ. 5 ಮಿಲಿಮೀಟರ್ ದಾಟಿದರೆ ಒಂದು, 10 ದಾಟಿದರೆ ಇನ್ನೊಂದು. ಪಿಜಿ ಅದನ್ನು ಓರೆಯಾಗಿ ಕೊಯ್ದರೆ ಆ ಮಿಲಿಮೀಟರನ್ನು ಜಗತ್ತಿನ ಯಾವ ತಜ್ಞರೂ ಅಳೆಯಲಾರರು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕನಿಷ್ಠ 12 ಲಿಂಫ್ ನೋಡ್, ಅಂದರೆ ಕ್ಯಾನ್ಸರ್ ಮೊದಲು ಹರಡುವ ಸಣ್ಣ ಗ್ರಂಥಿಗಳನ್ನು ಹುಡುಕಬೇಕು. ಕೊಬ್ಬಿನೊಳಗೆ ಬೆರಳಾಡಿಸಿ, ಕಾಳು ಹುಡುಕುವ ಹಾಗೆ ಹುಡುಕಬೇಕು. ನಾಲ್ಕು ಸಿಕ್ಕಿದ ಮೇಲೆ ಸಾಕು ಎಂದು ಬಿಟ್ಟರೆ ಐದನೆಯದರಲ್ಲಿ ಇದ್ದ ಕ್ಯಾನ್ಸರ್ ರಿಪೋರ್ಟಿಗೆ ಬರುವುದೇ ಇಲ್ಲ. ರೋಗಿಗೆ ಸಿಗಬೇಕಾದ ಕೀಮೋ ತಪ್ಪಿಹೋಗಬಹುದು. ಸ್ತನದ ಗಡ್ಡೆ ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ ಇರಬೇಕು, 72 ಗಂಟೆ ಮೀರಬಾರದು. ಇಲ್ಲದಿದ್ದರೆ ಯಾವ ಔಷಧಿ ಕೊಡಬೇಕು ಎಂದು ತಿಳಿಸುವ ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗಳನ್ನು ನಂಬುವ ಹಾಗಿಲ್ಲ. ಶನಿವಾರ ಸಂಜೆ ಬಂದ ಡಬ್ಬಿಯನ್ನು ಕೊಯ್ಯದೆ ಹಾಗೇ ಇಟ್ಟರೆ ಸೋಮವಾರದ ಹೊತ್ತಿಗೆ ಏನಾಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಫಾರ್ಮಲಿನ್ ಗಡ್ಡೆಯ ನಡುವಿಗೆ ತುಂಬಾ ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ನಡುಭಾಗ ಕೆಟ್ಟಿರುತ್ತದೆ. ಇದನ್ನೆಲ್ಲ ಹೇಳಿಕೊಡಲು ಒಬ್ಬ ಹಿರಿಯರು ಗ್ರಾಸಿಂಗ್ ಮೇಜಿನ ಬಳಿ ನಿಲ್ಲಬೇಕು. ಎಷ್ಟು ಕಡೆ ನಿಲ್ಲುತ್ತಾರೆ? ತಪಾಸಣೆಗೆ ಬಂದವರು ಹೆಚ್‌ಒಡಿ (ವಿಭಾಗದ ಮುಖ್ಯಸ್ಥರ) ಕೋಣೆಯಲ್ಲಿ ಕಾಫಿ ಕುಡಿಯುವ ಬದಲು ಅರ್ಧ ಗಂಟೆ ಆ ಮೇಜಿನ ಬಳಿ ನಿಂತು ನೋಡಲಿ. ಗೊತ್ತಾಗುತ್ತದೆ.

ಲೆಕ್ಕ ಬೇಡ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ನಾಲ್ಕು ವರ್ಷದ ಪ್ಯಾಥಾಲಜಿ ತರಬೇತಿಯಲ್ಲಿ ಪ್ರತಿಯೊಬ್ಬರೂ ಕನಿಷ್ಠ 2000 ಸರ್ಜಿಕಲ್ ಕೇಸ್, 1500 ಸೈಟಾಲಜಿ (ಬಿಡಿ ಜೀವಕೋಶಗಳನ್ನು ನೋಡುವ) ಕೇಸ್, 200 ಫ್ರೋಜನ್ ನೋಡಿರಬೇಕು ಎಂದು ನಿಯಮ ಮಾಡಿದೆ. ಪ್ರತಿಯೊಬ್ಬರೂ ಎಂಬ ಮಾತನ್ನು ಗಮನಿಸಿ. ಲೆಕ್ಕ ವಿಭಾಗದ್ದಲ್ಲ, ಕಲಿಯುವವರದ್ದು. ನಮ್ಮಲ್ಲಿ ಮುಖ್ಯವಾಗಿ ಕೇಳುವುದು ಆಸ್ಪತ್ರೆಗೆ ಎಷ್ಟು ಬಯಾಪ್ಸಿ ಬರುತ್ತದೆ ಎಂದು. ಅದರಲ್ಲಿ ಒಬ್ಬೊಬ್ಬ ಪಿಜಿ ನಿಜವಾಗಿ ಎಷ್ಟು ನೋಡಿದರು ಎಂದು ಕೇಳುವುದನ್ನು ನಾನು ಕಂಡಿಲ್ಲ. ಸೀಟು ಹೆಚ್ಚಾದಾಗ ಡಬ್ಬಿಗಳು ಹೆಚ್ಚಾಗಲಿಲ್ಲ ಎಂದರೆ ಒಬ್ಬೊಬ್ಬರ ಪಾಲು ಕಡಿಮೆಯಾಯಿತು ಎಂದೇ ಅರ್ಥ, ಅಲ್ವಾ?

ಬರೀ ಸಂಖ್ಯೆಯನ್ನೇ ನಂಬಬೇಡಿ. ಅಪೆಂಡಿಕ್ಸ್, ಪಿತ್ತಕೋಶ, ಗರ್ಭಕೋಶ, ಇವೇ ಸಾವಿರ ಸಲ ಬಂದರೆ ಕೈ ಪಳಗುತ್ತದೆ, ಕಣ್ಣು ಅಷ್ಟಾಗಿ ಪಳಗುವುದಿಲ್ಲ. ಮೂಳೆಯ ಗಡ್ಡೆ, ಕಿಡ್ನಿ ಬಯಾಪ್ಸಿ, ಲಿಂಫೋಮಾ, ಮೆದುಳು ಇವು ಎಲ್ಲ ಕಾಲೇಜಿಗೂ ಬರುವುದಿಲ್ಲ. ಅದಕ್ಕೆ ಕಾಲೇಜನ್ನು ದೂರಿ ಉಪಯೋಗ ಇಲ್ಲ. ಕರ್ನಾಟಕದಲ್ಲಿ ಕ್ಯಾನ್ಸರಿಗೆ ಕಿದ್ವಾಯಿ ಇದೆ. ಮಿದುಳಿನ ರೋಗಕ್ಕೆ ನಿಮ್ಹಾನ್ಸ್ ಇದೆ, ಅಲ್ಲಿ ಮಿದುಳುಗಳ ಬ್ಯಾಂಕೇ ಇದೆ. ಪ್ರತಿ ಪಿಜಿಯೂ ಅಂಥ ಕಡೆ ಎರಡು ತಿಂಗಳು ಕೂರುವ ವ್ಯವಸ್ಥೆ ಇದೆಯಾ, ಇದ್ದರೆ ಅವರಿಗೆ ಅಲ್ಲಿ ಮೈಕ್ರೋಸ್ಕೋಪಿನ ಮುಂದೆ ಜಾಗ ಸಿಗುತ್ತದೆಯಾ, ಇಲ್ಲ ಹಿಂದೆ ನಿಂತು ಸುಮ್ನೆ ನೋಡಿ ಬರುತ್ತಾರಾ, ಇದು ಮೌಲ್ಯಮಾಪನದಲ್ಲಿ ಬರಬೇಕು.

ಈ ಲೆಕ್ಕ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಪಿಜಿ ತಾನು ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ ಇದೆಯಲ್ಲ ಎನ್ನಬಹುದು. 2023ರ ನಿಮ್ಮ ನಿಯಮಾವಳಿ ಇ-ಲಾಗ್‌ಬುಕ್ ಇಡಬೇಕು ಎನ್ನುತ್ತದೆ, ಒಳ್ಳೆಯದೇ. ಆದರೆ ಲಾಗ್‌ಬುಕ್ ಹೇಗೆ ತುಂಬುತ್ತದೆ ಎನ್ನುವುದು ಪಿಜಿ ಮಾಡಿದ ಎಲ್ಲರಿಗೂ ಗೊತ್ತು. ಪರೀಕ್ಷೆಗೆ ಎರಡು ವಾರ ಇರುವಾಗ ಒಂದು ರಾತ್ರಿ ಕೂತು ತುಂಬಿದ್ದನ್ನು ನಾನು ನೋಡಿದ್ದೇನೆ. ನಾನೂ ಕೂತಿದ್ದೇನೆ. ಅದಕ್ಕಿಂತ ಗಟ್ಟಿ ದಾಖಲೆ ಪ್ರತಿ ವಿಭಾಗದಲ್ಲೂ ಈಗಾಗಲೇ ಇದೆ. ಹಿಸ್ಟೋಪ್ಯಾಥಾಲಜಿ ರಿಜಿಸ್ಟರ್ ಅಥವಾ ಲ್ಯಾಬ್‌ನ ಸಾಫ್ಟ್‌ವೇರ್. ಅದರಲ್ಲಿ ತಾರೀಕು ಇರುತ್ತದೆ, ಕೇಸ್ ನಂಬರ್ ಇರುತ್ತದೆ, ಯಾವ ಅಂಗ ಎಂದು ಇರುತ್ತದೆ, ಗ್ರಾಸಿಂಗ್ ಯಾರು ಮಾಡಿದರು ಎಂದು ಇನಿಷಿಯಲ್ಸ್ ಇರುತ್ತದೆ, ರಿಪೋರ್ಟಿಗೆ ಯಾರು ಸಹಿ ಹಾಕಿದರು ಎಂದು ಇರುತ್ತದೆ. ಅದಕ್ಕೆ ಇನ್ನೊಂದು ಕಾಲಮ್ ಸೇರಿಸಿ: ಪಿಜಿಯ ಡಯಾಗ್ನೋಸಿಸ್. ಹಿರಿಯರು ಸಹಿ ಹಾಕುವ ಮುಂಚೆ ಅದು ತುಂಬಿರಬೇಕು, ಆಮೇಲೆ ತಿದ್ದಲು ಬರಬಾರದು. ವರ್ಷದ ಕೊನೆಗೆ ಇದರಿಂದ ಎಲ್ಲವೂ ತಾನಾಗಿ ಹೊರಬರುತ್ತದೆ. ಮೊದಲ ವರ್ಷದ ಪಿಜಿ ಎಷ್ಟು ತಪ್ಪಿದರು, ಮೂರನೇ ವರ್ಷದಲ್ಲಿ ಎಷ್ಟು ತಪ್ಪಿದರು ಎಂದು ಗೊತ್ತಾಗುತ್ತದೆ. ಆ ಗೆರೆ ಕೆಳಗೆ ಇಳಿಯುತ್ತಿದ್ದರೆ ಅಲ್ಲಿ ಯಾರೋ ಕಲಿಸುತ್ತಿದ್ದಾರೆ. ಮೊದಲ ದಿನದಿಂದಲೇ ಯಾರೂ ತಪ್ಪುತ್ತಿಲ್ಲ ಎಂದಿದ್ದರೆ ಆ ಕಾಲಮ್ ಆಮೇಲೆ ತುಂಬಿದ್ದು.

2025ರಲ್ಲಿ ಮೆಡಿಕಲ್ ಕಾಲೇಜುಗಳ ತಪಾಸಣೆಯಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು. ಒಂದು ದಿನದ ಭೇಟಿಗೆ ವೇಷ ಕಟ್ಟಬಹುದು. ಮೂರು ವರ್ಷದ ರಿಜಿಸ್ಟರಿಗೆ ವೇಷ ಕಟ್ಟುವುದು ಕಷ್ಟ.

ಪಿಜಿಗಳನ್ನೂ ಕೇಳಿ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರತಿ ವರ್ಷ ದೇಶದ ಎಲ್ಲ ತರಬೇತಿ ವೈದ್ಯರಿಗೂ ಪ್ರಶ್ನೆಪಟ್ಟಿ ಕಳಿಸುತ್ತದೆ. ಯಾವ ಆಸ್ಪತ್ರೆಯಲ್ಲಿ ಕಲಿಕೆ ಹೇಗಿದೆ ಎಂಬ ಉತ್ತರಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಪ್ರಕಟಿಸುತ್ತದೆ. ಅಮೆರಿಕದಲ್ಲೂ ರೆಸಿಡೆಂಟ್‌ಗಳ ವಾರ್ಷಿಕ ಸಮೀಕ್ಷೆ ಇದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಎಷ್ಟೋ ವಿಭಾಗಗಳಲ್ಲಿ ವರ್ಷಕ್ಕೆ ಮೂರು ಅಥವಾ ನಾಲ್ಕೇ ಪಿಜಿಗಳು. ಹೆಸರಿಲ್ಲದೆ ಬರೆದರೂ ಯಾರು ಬರೆದದ್ದು ಎಂದು ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ. ಥೀಸಿಸ್‌ಗೆ ಗೈಡ್ ಸಹಿ ಬೇಕಾದವರು ನಿಜ ಬರೆಯುತ್ತಾರಾ? ಹಾಗಾಗಿ ಮೂರು ವರ್ಷದ ಉತ್ತರ ಒಟ್ಟು ಮಾಡಿ ಪ್ರಕಟಿಸಿ. ಓದು ಮುಗಿಸಿ ಹೊರಗೆ ಹೋದ ಒಂದು ವರ್ಷದ ನಂತರವೂ ಕೇಳಿ. ಆಗ ಭಯವೂ ಇರುವುದಿಲ್ಲ, ಒಬ್ಬರೇ ಕೂತು ಸಹಿ ಹಾಕುವಾಗ ಏನು ಕಲಿತಿರಲಿಲ್ಲ ಎನ್ನುವುದೂ ಗೊತ್ತಾಗಿರುತ್ತದೆ. ನನ್ನನ್ನು ಯಾರಾದರೂ ಆಗ ಕೇಳಿದ್ದರೆ ಫ್ರೋಜನ್ ಬಗ್ಗೆ ಹೇಳುತ್ತಿದ್ದೆ.

ವಿಶ್ವವಿದ್ಯಾಲಯಕ್ಕೆ ಒಂದು ಕೋರಿಕೆ. ಪರೀಕ್ಷೆಗೆ ಇಡುವ ಸ್ಲೈಡ್‌ಗಳ ಪಟ್ಟಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈ ಬದಲಾಗುತ್ತಾ ಬಂದಿರುತ್ತದೆ. ಆ ಬಾಕ್ಸಿನ ಹತ್ತನೇ ಸ್ಲೈಡ್ ಏನು ಎಂದು ಬಣ್ಣ ನೋಡಿಯೇ ಹೇಳುವವರಿದ್ದಾರೆ. ಈಗ ಸ್ಲೈಡ್ ಪೂರ್ತಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನೋಡಬಹುದು. ಪ್ರತಿ ವರ್ಷ ಒಂದು ದಿನ, ನಿಮ್ಮ ಅಡಿಯ ಎಲ್ಲ ಕಾಲೇಜುಗಳ ಎಲ್ಲ ಪಿಜಿಗಳಿಗೂ ಒಂದೇ 50 ಸ್ಲೈಡ್ ಕೊಡಿ. ಪಾಸು ಫೇಲು ಬೇಡ. ಅಮೆರಿಕದಲ್ಲಿ ಅಮೆರಿಕನ್ ಸೊಸೈಟಿ ಫಾರ್ ಕ್ಲಿನಿಕಲ್ ಪ್ಯಾಥಾಲಜಿ ಇಂಥದ್ದೊಂದು ವಾರ್ಷಿಕ ಪರೀಕ್ಷೆ ನಡೆಸುತ್ತದೆ. ಪಿಜಿಗೆ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ, ವಿಭಾಗಕ್ಕೆ ತಾನೆಲ್ಲಿದ್ದೇನೆ ಎಂದೂ ತಿಳಿಯುತ್ತದೆ.

ಪಿಜಿಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡುವ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಬಗ್ಗೆಯೂ ಎರಡು ಮಾತು. ನಮ್ಮ ಜಿಲ್ಲೆಗೆ ಬರುವ ಪ್ಯಾಥಾಲಜಿ ಪಿಜಿಗಳನ್ನು ನಾನು ನೋಡುತ್ತೇನೆ. ರಕ್ತದ ಸ್ಮಿಯರ್, ಬ್ಲಡ್ ಬ್ಯಾಂಕ್ ಕೆಲಸ ಚೆನ್ನಾಗಿ ಕಲಿಯುತ್ತಾರೆ. ಹಿಸ್ಟೋಪ್ಯಾಥಾಲಜಿ, ಅಂದರೆ ಗಡ್ಡೆ ಕೊಯ್ದು ಸ್ಲೈಡ್ ನೋಡುವ ಕೆಲಸ, ಮಾತ್ರ ಪೂರ್ತಿ ನಿಂತುಹೋಗುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಆಪರೇಷನ್ ನಡೆಯುತ್ತದೆ, ಗಡ್ಡೆಗಳು ಬರುತ್ತವೆ. ಆ ಡಬ್ಬಿಗಳನ್ನು ಪಿಜಿ ಅಲ್ಲೇ ಕೊಯ್ದು, ಕ್ಯಾಮೆರಾದಲ್ಲಿ ತಮ್ಮ ಮೇಷ್ಟ್ರಿಗೆ ತೋರಿಸುವ ಹಾಗೆ ಮಾಡಿದರೆ ಜಿಲ್ಲೆಗೂ ಲಾಭ.

ಇನ್ನು ಫೆಲೋಶಿಪ್. ಇದರ ಬಗ್ಗೆ ನನಗೆ ಹೆಚ್ಚು ಸಂಕಟವಿದೆ. ನಾನು ಕಲಿತದ್ದೇ ಅಲ್ಲಿ, ಹಾಗಾಗಿ ಅದರ ಬೆಲೆ ಗೊತ್ತು. ಎಂಡಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಆಂಕೋಪ್ಯಾಥಾಲಜಿ (ಕ್ಯಾನ್ಸರ್ ಪ್ಯಾಥಾಲಜಿ), ಸರ್ಜಿಕಲ್ ಪ್ಯಾಥಾಲಜಿ ಎಂದು ಬೆಂಗಳೂರು, ಮುಂಬೈ, ವೆಲ್ಲೂರು ಅಲೆಯುತ್ತಾರೆ. ಕೆಲವು ಫೆಲೋಶಿಪ್‌ಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆ. ಕೆಲವಕ್ಕೆ ಆಸ್ಪತ್ರೆಯ ಸರ್ಟಿಫಿಕೇಟ್ ಮಾತ್ರ. ಹೆಸರು ಎರಡಕ್ಕೂ ಒಂದೇ. ಒಂದು ಕಡೆ ಫೆಲೋ ಅನ್ನು ಪ್ರತಿ ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ, ಟ್ಯೂಮರ್ ಬೋರ್ಡ್‌ನಲ್ಲಿ (ಕ್ಯಾನ್ಸರ್ ರೋಗಿಗಳ ಬಗ್ಗೆ ಎಲ್ಲ ವಿಭಾಗದ ವೈದ್ಯರು ಕೂತು ಚರ್ಚಿಸುವ ಸಭೆ) ಕೇಸ್ ಮಂಡಿಸಲು ಬಿಡುತ್ತಾರೆ, ಆರು ತಿಂಗಳ ನಂತರ ಸಣ್ಣ ಕೇಸ್‌ಗಳ ಜವಾಬ್ದಾರಿ ಮೆಲ್ಲಗೆ ಕೈಗೆ ಕೊಡುತ್ತಾರೆ. ಇನ್ನೊಂದು ಕಡೆ ಫೆಲೋ ಎಂದರೆ ಕಡಿಮೆ ಸಂಬಳಕ್ಕೆ ಸಿಕ್ಕ ಗ್ರಾಸಿಂಗ್ ಕೈ. ಬೆಳಿಗ್ಗೆಯಿಂದ ಸಂಜೆವರೆಗೆ ಕೊಯ್ದು, ರಿಪೋರ್ಟಿನ ಟೈಪಿಂಗ್ ತಿದ್ದಿ, ವರ್ಷ ಮುಗಿಯುತ್ತದೆ. ಸೇರುವ ಮುಂಚೆ ಯಾವುದು ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. ವಾಟ್ಸಾಪ್‌ನಲ್ಲಿ ಸೀನಿಯರ್‌ಗಳನ್ನು ಕೇಳಬೇಕು. ಸೀನಿಯರ್ ಇಲ್ಲದ ಸಣ್ಣ ಕಾಲೇಜಿನವರಿಗೆ ಅದೂ ಇಲ್ಲ.

ನನ್ನನ್ನು ಕೇಳಿದವರಿಗೆ ನಾನು ಹೇಳುವುದು ಹೀಗೆ. ಸೇರುವ ಮುಂಚೆ ಒಂದು ದಿನ ಹೋಗಿ ಅಲ್ಲಿ ಕೂತು ಬನ್ನಿ. ಸೈನ್ ಔಟ್ ಹೊತ್ತಿಗೆ, ಅಂದರೆ ಸ್ಲೈಡ್ ನೋಡಿ ರಿಪೋರ್ಟ್ ಅಂತಿಮಗೊಳಿಸುವಾಗ, ಹಿರಿಯರ ಮೈಕ್ರೋಸ್ಕೋಪಿಗೆ ಎರಡನೇ ಜೋಡಿ ಕಣ್ಣು ಇದೆಯಾ ನೋಡಿ, ಇದ್ದರೆ ಅದರ ಮುಂದಿನ ಸ್ಟೂಲಿನ ಮೇಲೆ ಫೈಲ್ ಇದೆಯೋ, ಮನುಷ್ಯರು ಇದ್ದಾರೋ ನೋಡಿ. ಈಗಿನ ಫೆಲೋ ಹತ್ತಿರ ಇವತ್ತಿನ ಕೇಸಿಗೆ ನೀವು ಏನು ಬರೆದಿದ್ದಿರಿ ಎಂದು ಕೇಳಿ. ಗಡ್ಡೆಯ ಜಾತಿ ಪತ್ತೆಹಚ್ಚಲು ಹಾಕುವ ವಿಶೇಷ ಬಣ್ಣಗಳನ್ನು (ಐಎಚ್‌ಸಿ ಮಾರ್ಕರ್) ಯಾರು ಆರಿಸುತ್ತಾರೆ ಎಂದು ಕೇಳಿ. ಹಿಂದಿನ ಮೂರು ವರ್ಷದ ಫೆಲೋಗಳು ಈಗ ಎಲ್ಲಿದ್ದಾರೆ, ಒಬ್ಬರೇ ಸಹಿ ಹಾಕುತ್ತಿದ್ದಾರಾ ಎಂದು ಕೇಳಿ. ಇದನ್ನು ಒಬ್ಬೊಬ್ಬ ವಿದ್ಯಾರ್ಥಿ ಬಸ್ಸು ಹತ್ತಿ ಹೋಗಿ ಹುಡುಕಬೇಕಾದ ಅಗತ್ಯ ಏನಿದೆ? ನೀವು ಒಂದು ಪುಟದಲ್ಲಿ ಹಾಕಬಹುದು.

ಹಾಕುವ ಅಧಿಕಾರ ನಿಮಗಿದೆ, ಹೊಣೆಯೂ ಇದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 26ನೇ ಸೆಕ್ಷನ್ ಮೌಲ್ಯಮಾಪನ ಮತ್ತು ಶ್ರೇಯಾಂಕವನ್ನು ಸಾರ್ವಜನಿಕರು ನೋಡುವ ಹಾಗೆ ಪ್ರಕಟಿಸಬೇಕು ಎನ್ನುತ್ತದೆ. ಆದರೆ ಇಡೀ ಕಾಲೇಜಿಗೆ ಒಂದು ಅಂಕ ಕೊಟ್ಟರೆ ನಮ್ಮಂಥವರಿಗೆ ಏನೂ ತಿಳಿಯುವುದಿಲ್ಲ. ಹೃದ್ರೋಗ ವಿಭಾಗ ಚೆನ್ನಾಗಿರುವ ಕಾಲೇಜಿನಲ್ಲಿ ಪ್ಯಾಥಾಲಜಿ ಸೊರಗಿರಬಹುದು. ಹೆಸರಿಲ್ಲದ ಒಂದು ಕಾಲೇಜಿನಲ್ಲಿ ಇಬ್ಬರು ಮೇಷ್ಟ್ರು ಪ್ರತಿ ದಿನ ಮಧ್ಯಾಹ್ನ ಪಿಜಿಗಳ ಜೊತೆ ಕೂರುತ್ತಿರಬಹುದು. ಆ ಇಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ. ವಿಭಾಗವಾರು ಪ್ರಕಟಿಸಿ.

ಮೇಷ್ಟ್ರುಗಳ ಕಷ್ಟವೂ ನನಗೆ ಗೊತ್ತು. ಎಂಬಿಬಿಎಸ್ ಕ್ಲಾಸು, ಪರೀಕ್ಷೆ, ಪ್ರಬಂಧ ಪ್ರಕಟಣೆ, ಬಯೋಮೆಟ್ರಿಕ್ ಹಾಜರಿ, ಇದರ ನಡುವೆ ದಿನದ ರಿಪೋರ್ಟು. ಪಿಜಿ ಜೊತೆ ಕೂತು ನೋಡಿದರೆ ಒಂದು ಟ್ರೇಗೆ ಎರಡರಷ್ಟು ಹೊತ್ತು ಬೇಕು. ಆ ಹೊತ್ತಿಗೆ ಈಗ ಯಾರೂ ಲೆಕ್ಕ ಇಡುವುದಿಲ್ಲ, ಬಡ್ತಿಗೂ ಅದು ಬರುವುದಿಲ್ಲ. ಒಂದು ಪ್ರಬಂಧಕ್ಕೆ ಸಿಗುವ ಬೆಲೆ ನೂರು ಮಧ್ಯಾಹ್ನದ ಸೈನ್ ಔಟ್‌ಗೆ ಸಿಗುವುದಿಲ್ಲ. ಅದಕ್ಕೂ ಅಂಕ ಕೊಡಿ.

2023ರಲ್ಲಿ ನೀಟ್-ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದಾಗ ಪ್ಯಾಥಾಲಜಿಯಂಥ ಸೀಟು ತುಂಬಲು ಹೀಗೆ ಮಾಡಿದರು ಎಂದು ಎಷ್ಟೋ ಜನ ಆಡಿಕೊಂಡರು. ಹಾಗೆ ಬಂದವರ ಬಗ್ಗೆ ಹಗುರವಾಗಿ ಮಾತಾಡುವುದು ನನಗೆ ಇಷ್ಟ ಇಲ್ಲ. ಬೇರೇನೂ ಸಿಗದೆ ಪ್ಯಾಥಾಲಜಿಗೆ ಬಂದು, ಆಮೇಲೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದಷ್ಟು ಅದನ್ನು ಪ್ರೀತಿಸಿದವರನ್ನು ನಾನು ಬಲ್ಲೆ. ರ‍್ಯಾಂಕ್ ಏನೇ ಇರಲಿ, ಮೂರು ವರ್ಷದ ನಂತರ ಅವರು ಒಂದು ಊರಿನ ಎಲ್ಲ ಬಯಾಪ್ಸಿಗೂ ಉತ್ತರ ಹೇಳುವವರಾಗುತ್ತಾರೆ. ಎಷ್ಟೋ ತಾಲ್ಲೂಕುಗಳಿಗೆ ಅವರೊಬ್ಬರೇ.

ಕಳೆದ ಕೌನ್ಸೆಲಿಂಗ್‌ನಲ್ಲಿ ನಮ್ಮ ಊರಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. ತಾನೇ ಇಷ್ಟಪಟ್ಟು ಪ್ಯಾಥಾಲಜಿ ಆರಿಸಿಕೊಂಡವಳು. ಮೂರು ಕಾಲೇಜಿನ ಹೆಸರು ಹೇಳಿ, ಯಾವುದನ್ನು ಮೊದಲು ಹಾಕಲಿ ಸರ್, ನಾಳೆ ಕೊನೇ ದಿನ ಅಂದಳು. ನನಗೆ ಆ ಮೂರರ ಶುಲ್ಕ ಗೊತ್ತಿತ್ತು, ಹಾಸ್ಟೆಲ್ ಗೊತ್ತಿತ್ತು, ಒಂದರ ಹೆಚ್‌ಒಡಿ ಪರಿಚಯವೂ ಇತ್ತು. ಅವಳಿಗೆ ಅಲ್ಲಿ ಪೆನ್ಸಿಲ್ ಕೊಡುತ್ತಾರಾ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಸುಮ್ನೆ ಒಂದು ಹೆಸರು ಹೇಳಲು ಮನಸ್ಸು ಬರಲಿಲ್ಲ. ಗೊತ್ತಿಲ್ಲಮ್ಮ ಅಂದೆ. ಮುಂದಿನ ಕೌನ್ಸೆಲಿಂಗ್ ಶುರುವಾಗುವ ಮುಂಚೆ ಆ ಒಂದು ಕಾಲಮ್ಮನ್ನು ರಿಜಿಸ್ಟರಿನಲ್ಲಿ ಕಡ್ಡಾಯ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಪ್ಯಾಥಾಲಜಿಸ್ಟ್